ಪರಿಮಳದ ವ್ಯಾಜ್ಯ

1990ರಲ್ಲಿ ಫ್ರಾನ್ಸಿನ ಲಾಂಕೋಮ್ ಕಂಪನಿ ‘ಟ್ರೆಸಾರ್’ ಎಂಬ ಸುಗಂಧವನ್ನು ಮಾರುಕಟ್ಟೆಗೆ ತಂದಿತು. ಗುಲಾಬಿಯ ಕಂಪು ತುಂಬಿದ ಅದನ್ನು ರೂಪಿಸಿದವರು ಸೋಫಿಯಾ ಗ್ರೋಯ್ಸ್‌ಮನ್. ಮುಂದೆ ನೆದರ್ಲೆಂಡ್ಸ್‌ನ ಕೆಕೋಫಾ ಕಂಪನಿ ಬಹಳ ಕಡಿಮೆ ಬೆಲೆಗೆ ‘ಫೀಮೇಲ್ ಟ್ರೆಷರ್’ ಮಾರತೊಡಗಿತು. ಲಾಂಕೋಮ್ ಕೋರ್ಟಿಗೆ ಹೋಯಿತು. ಟ್ರೆಸಾರ್‌ನಲ್ಲಿ ಪರಿಮಳ ಕೊಡುವ 26 ಘಟಕಗಳ ಪೈಕಿ 24 ಇದರಲ್ಲೂ ಇವೆ ಎಂದು ರಾಸಾಯನಿಕ ಪರೀಕ್ಷೆ ತೋರಿಸಿತು.

ಸುಗಂಧದ ಮನೆಗಳು ಹಿಂದಿನಿಂದಲೂ ನೆಚ್ಚಿಕೊಂಡಿದ್ದು ಗುಟ್ಟನ್ನೇ. ಪೇಟೆಂಟ್ ಬೇಕೆಂದರೆ ಸೂತ್ರವನ್ನು ಬಹಿರಂಗಪಡಿಸಬೇಕು. 20 ವರ್ಷ ಕಳೆದರೆ ಅದು ಎಲ್ಲರ ಸೊತ್ತು. ಆದರೆ ಗ್ಯಾಸ್ ಕ್ರೊಮಟೋಗ್ರಫಿ ಯಂತ್ರ ಬಂದ ಮೇಲೆ ಆ ಗುಟ್ಟೂ ಉಳಿಯಲಿಲ್ಲ. ಬಾಟಲಿಯಲ್ಲಿ ಏನೇನಿದೆ ಎಂಬುದನ್ನು ಯಂತ್ರ ಬಹುಮಟ್ಟಿಗೆ ಬಿಡಿಸಿ ತೋರಿಸುತ್ತದೆ.

ಟ್ರೇಡ್‌ಮಾರ್ಕ್ ದಾರಿಯೂ ಸುಲಭವಿರಲಿಲ್ಲ. ಜರ್ಮನಿಯ ಝೀಕ್‌ಮನ್ ಎಂಬುವರು ಮೀಥೈಲ್ ಸಿನ್ನಮೇಟ್‌ನ ವಾಸನೆಯನ್ನು ನೋಂದಾಯಿಸಲು ಹೊರಟಾಗ, 2002ರಲ್ಲಿ ಯುರೋಪಿನ ನ್ಯಾಯಾಲಯ ಒಪ್ಪಲಿಲ್ಲ. ರಾಸಾಯನಿಕ ಸೂತ್ರ ಹೇಳುವುದು ವಸ್ತುವನ್ನು, ವಾಸನೆಯನ್ನಲ್ಲ. ಮಾತಿನ ವರ್ಣನೆಗೆ ನಿಖರತೆಯಿಲ್ಲ. ಸ್ಯಾಂಪಲ್ ಕಾಲಕ್ರಮೇಣ ಕೆಡುತ್ತದೆ.

ಉಳಿದಿದ್ದು ಕೃತಿಸ್ವಾಮ್ಯ. 2006ರ ಜೂನ್ 13ರಂದು ಫ್ರಾನ್ಸಿನ ಉನ್ನತ ನ್ಯಾಯಾಲಯ, ಸುಗಂಧ ಬರೀ ಕಸುಬಿನ ಜ್ಞಾನದ ಫಲ, ಅದು ಕೃತಿಯಲ್ಲ ಎಂದಿತು. ಮೂರೇ ದಿನಕ್ಕೆ, ಜೂನ್ 16ರಂದು, ನೆದರ್ಲೆಂಡ್ಸ್‌ನ ಸುಪ್ರೀಂ ಕೋರ್ಟ್ ಟ್ರೆಸಾರ್‌ನ ಪರಿಮಳಕ್ಕೆ ಕೃತಿಸ್ವಾಮ್ಯ ಸಲ್ಲುತ್ತದೆ ಎಂದು ತೀರ್ಪಿತ್ತಿತು! ಸುಗಂಧಕ್ಕೆ ಹೆಸರಾದ ನಾಡೇ ತನ್ನ ಕಲಾವಿದರನ್ನು ಕೈಬಿಟ್ಟದ್ದು ನೋವಿನ ಸಂಗತಿ. ನೂರಾರು ಪದಾರ್ಥಗಳ ನಡುವೆ ಹದ ಹುಡುಕುವವರ ಕೆಲಸ ರಾಗ ಸಂಯೋಜಕನ ಕೆಲಸಕ್ಕಿಂತ ಹೇಗೆ ಕಡಿಮೆ?

ಡಚ್ಚರ ತೀರ್ಪಿನ ಬಲವೂ ಹೆಚ್ಚು ಕಾಲ ಉಳಿಯಲಿಲ್ಲ. 2018ರಲ್ಲಿ ಚೀಸ್ ಒಂದರ ರುಚಿಯ ವ್ಯಾಜ್ಯದಲ್ಲಿ ಯುರೋಪಿನ ನ್ಯಾಯಾಲಯ, ಖಚಿತವಾಗಿ, ವಸ್ತುನಿಷ್ಠವಾಗಿ ಗುರುತಿಸಲಾಗದ್ದು ಕೃತಿಯಾಗದು ಎಂದಿತು. ರುಚಿಗಿಲ್ಲದ ಹಕ್ಕು ವಾಸನೆಗೆ ಸಿಗುವುದು ಇನ್ನು ಕಷ್ಟ.

ಭಾರತದಲ್ಲಿ 2025ರ ನವೆಂಬರ್‌ನಲ್ಲಿ ಟ್ರೇಡ್‌ಮಾರ್ಕ್ ಕಚೇರಿ ಮೊದಲ ಬಾರಿಗೆ ಒಂದು ವಾಸನೆಯ ಅರ್ಜಿಯನ್ನು ಅಂಗೀಕರಿಸಿತು: ಜಪಾನಿನ ಸುಮಿಟೊಮೊ ಕಂಪನಿಯ ಟೈರಿನ ಗುಲಾಬಿ ಪರಿಮಳ. ಅಲಹಾಬಾದಿನ ಐಐಐಟಿ ತಜ್ಞರು ಅದನ್ನು ಏಳು ಆಯಾಮಗಳ ಗಣಿತದಲ್ಲಿ ಬರೆದುಕೊಟ್ಟಿದ್ದರು. ಟೈರಿಗೆ ಗುಲಾಬಿ ಹೊರಗಿನದು, ಹಾಗಾಗಿ ಅದು ಗುರುತಾಗಬಲ್ಲದು. ಅತ್ತರಿಗಾದರೋ ಪರಿಮಳವೇ ಸರಕು. ಈ ದಾರಿ ಅದಕ್ಕೆ ತೆರೆಯುವುದು ದುರ್ಲಭ.

ನಮ್ಮ ಮೈಸೂರು ಗಂಧದೆಣ್ಣೆಗೂ ಮೈಸೂರು ಸ್ಯಾಂಡಲ್ ಸೋಪಿಗೂ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಇದೆ. ಅದು ಕಾಯುವುದು ಊರಿನ ಹೆಸರನ್ನು. ಅದೇ ಕಂಪನ್ನು ಬೇರೆ ಹೆಸರಿನಲ್ಲಿ ಮಾರುವವರನ್ನು ಜಿಐ ತಡೆಯುವುದಿಲ್ಲ.