ಪ್ರಾಣಿಗಳ ನೆಲೆ: ಎಳೆಯರಿಗೆ ತೋರಿಸಿಕೊಡುವ ಬಗೆ

“ಹುಲಿ ಎಲ್ಲಿ ವಾಸಿಸುತ್ತದೆ?” ಎಂದು ಮೊದಲನೆಯ ತರಗತಿಯ ಮಗುವನ್ನು ಕೇಳಿ ನೋಡಿ. “ಕಾಡಿನಲ್ಲಿ” ಎಂಬ ಉತ್ತರ ಥಟ್ಟನೆ ಬರುತ್ತದೆ. ಆನೆ? “ಕಾಡಿನಲ್ಲಿ.” ಜಿಂಕೆ? ಅದೂ ಕಾಡಿನಲ್ಲಿ. ಮೀನು ನೀರಿನಲ್ಲಿ, ಹಕ್ಕಿ ಮರದ ಮೇಲೆ, ಹಾವು ಹುತ್ತದಲ್ಲಿ. ಎಲ್ಲವೂ ಕಂಠಪಾಠವಾಗಿದೆ. ಆದರೆ “ಅಲ್ಲಿಯೇ ಏಕೆ?” ಎಂದು ಇನ್ನೊಂದು ಪ್ರಶ್ನೆ ಹಾಕಿದೊಡನೆ ಮಗು ಸುಮ್ಮನಾಗುತ್ತದೆ. ತಪ್ಪು ಮಗುವಿನದಲ್ಲ. ನಾವು ಅದಕ್ಕೆ ಪ್ರಾಣಿಯ ವಿಳಾಸವನ್ನು ಕಲಿಸಿದೆವು, ನೆಲೆಯನ್ನು ಕಲಿಸಲಿಲ್ಲ.

ಹಾಗಾದರೆ ನೆಲೆಯೆಂದರೇನು? ಪ್ರಾಣಿಯೊಂದು ಬದುಕಬೇಕಾದರೆ ಅದಕ್ಕೆ ಆಹಾರ ಬೇಕು, ನೀರು ಬೇಕು, ಶತ್ರುಗಳಿಂದಲೂ ಬಿಸಿಲು ಮಳೆಗಳಿಂದಲೂ ರಕ್ಷಣೆ ಬೇಕು, ಸಂತಾನವನ್ನು ಬೆಳೆಸಲು ತಕ್ಕ ಎಡೆ ಬೇಕು. ಈ ನಾಲ್ಕೂ ಒದಗುವ ಪ್ರದೇಶವೇ ಅದರ ನೆಲೆ. ಗೂಡು, ಬಿಲ, ಹುತ್ತಗಳು ನೆಲೆಯ ಒಂದು ಅಂಶ ಮಾತ್ರ. ಗೀಜಗನನ್ನೇ ನೋಡಿ. ಅದರ ತೂಗಾಡುವ ಗೂಡಿನ ಚಿತ್ರವನ್ನು ತೋರಿಸಿ, “ಇದೇ ಗೀಜಗನ ಮನೆ” ಎಂದು ಪಾಠವನ್ನು ಮುಗಿಸುವುದು ವಾಡಿಕೆ. ಆದರೆ ಆ ಗೂಡು ಮೊಟ್ಟೆಮರಿಗಳ ಕಾಲಕ್ಕೆ ಕಟ್ಟಿದ ತೊಟ್ಟಿಲು. ಮರಿಗಳು ಹಾರಿಹೋದ ಮೇಲೆ ಅದು ಬರಿದಾಗುತ್ತದೆ. ಗಂಡುಹಕ್ಕಿಗೆ ಗೂಡು ನೇಯಲು ಭತ್ತದ ಗರಿಯೋ ಉದ್ದನೆಯ ಹುಲ್ಲೋ ಬೇಕು. ಅದನ್ನು ತೂಗುಹಾಕಲು ಬಾವಿ, ಕೆರೆಗಳ ಮೇಲೆ ಚಾಚಿದ ಕೊಂಬೆ ಬೇಕು. ಮರಿಗಳಿಗೆ ಹುಳುಹುಪ್ಪಟೆ ಬೇಕು. ತನಗೆ ಕಾಳು ಬೇಕು. ಗದ್ದೆ, ಹುಲ್ಲು, ನೀರು, ಮರ ಇವೆಲ್ಲ ಕೂಡಿದರೆ ಗೀಜಗನ ನೆಲೆಯಾಗುತ್ತದೆ.

ಇಷ್ಟನ್ನೆಲ್ಲ ಆರು ವರ್ಷದ ಮಗುವಿಗೆ ಹೇಗೆ ತಿಳಿಸುವುದು? ಅದಕ್ಕಾಗಿ ದೂರ ಹೋಗಬೇಕಾದುದಿಲ್ಲ. ವಾಚಕರಲ್ಲಿ ಅನೇಕರಿಗೆ ಮನೆಯಲ್ಲಿ ಪುಟ್ಟ ತಮ್ಮಂದಿರೋ ತಂಗಿಯರೋ ಇರಬಹುದು. ಅವರನ್ನು ಕರೆದುಕೊಂಡು ಹಳೆಯ ಮನೆಯ ಸೂರಿನ ಕೆಳಗೋ ದೇವಸ್ಥಾನದ ಜಗುಲಿಯ ಮಗ್ಗುಲಿಗೋ ಹೋಗಿ. ಮಳೆಯ ಹನಿ ಬೀಳದ ಒಣ ಧೂಳಿನಲ್ಲಿ ಆಲಿಕೆಯಾಕಾರದ ಪುಟ್ಟ ಪುಟ್ಟ ಕುಳಿಗಳು ಕಾಣುತ್ತವೆ. ಅವು ಇರುವೆಸಿಂಹವೆಂಬ ಕೀಟದ ಮರಿಹುಳು ತೋಡಿದ ಬೋನುಗಳು. ಹುಳು ಕುಳಿಯ ತಳದಲ್ಲಿ ಹುದುಗಿಕೊಂಡು, ದವಡೆಗಳನ್ನಷ್ಟೇ ಅಗಲಿಸಿ ಕಾದಿರುತ್ತದೆ. ಕುಳಿಯ ಇಳಿಜಾರು, ಸಡಿಲವಾದ ಕಣಗಳು ಜಾರದೆ ನಿಲ್ಲಬಲ್ಲಷ್ಟು ಮಾತ್ರ ಕಡಿದಾಗಿರುತ್ತದೆ. ಇರುವೆಯೊಂದು ಅಂಚಿನಲ್ಲಿ ಕಾಲಿಟ್ಟಿತೆಂದರೆ ಕಣಗಳು ಕುಸಿಯುತ್ತವೆ. ಇರುವೆ ಮೇಲೇರಲು ಹವಣಿಸಿದರೆ ಹುಳು ತಲೆಯಿಂದ ಧೂಳನ್ನೆರಚಿ ಅದನ್ನು ಕೆಳಗೆ ಬೀಳಿಸುತ್ತದೆ.

ಈಗ ಮಗುವಿಗೆ ಪ್ರಶ್ನೆ ಹಾಕಿ: “ಈ ಹುಳು ಇಲ್ಲಿಯೇ ಏಕೆ ಮನೆ ಮಾಡಿದೆ? ಅಂಗಳದ ನಡುವೆ ಏಕಿಲ್ಲ?” ಉತ್ತರವನ್ನು ನೀವೇ ಹೇಳಿಬಿಡಬೇಡಿ. ಒಂದು ಅಗಲವಾದ ತಟ್ಟೆಯ ಅರ್ಧಕ್ಕೆ ಜರಡಿ ಹಿಡಿದ ನಯವಾದ ಒಣ ಮಣ್ಣನ್ನೂ ಉಳಿದರ್ಧಕ್ಕೆ ದಪ್ಪ ಮರಳನ್ನೂ ಎರಡು ಅಂಗುಲ ಆಳಕ್ಕೆ ತುಂಬಿ. ಒಂದು ಹುಳುವನ್ನು ಮೆಲ್ಲನೆ ತಂದು ನಡುವೆ ಬಿಡಿ. ಅದು ಎಲ್ಲಿ ಕುಳಿ ತೋಡೀತೆಂಬುದನ್ನು ಮಗು ಮೊದಲು ಊಹಿಸಲಿ. ಮರುದಿನ ಬೆಳಿಗ್ಗೆ ತಾನೇ ಬಂದು ನೋಡಲಿ. ಸಾಮಾನ್ಯವಾಗಿ ಕುಳಿ ನಯವಾದ ಮಣ್ಣಿನ ಭಾಗದಲ್ಲಿಯೇ ಇರುತ್ತದೆ. ಇನ್ನೊಂದು ತಟ್ಟೆಯ ಮಣ್ಣನ್ನು ನೆನಸಿ, ಬೆರಳಿನಿಂದ ಅಂಥದೇ ಕುಳಿಯನ್ನು ಮಾಡಿಸಿ. ಒದ್ದೆ ಮಣ್ಣು ಜಾರುವುದಿಲ್ಲ. ಇರುವೆ ನಿರಾತಂಕವಾಗಿ ಹತ್ತಿ ಹೋಗುತ್ತದೆ. ಸೂರು ಏಕೆ ಬೇಕು, ಧೂಳು ಏಕೆ ಬೇಕು ಎಂಬುದು ಮಗುವಿಗೆ ಆಗ ತಾನಾಗಿಯೇ ಹೊಳೆಯುತ್ತದೆ. ಪ್ರಯೋಗ ಮುಗಿದೊಡನೆ ಹುಳುವನ್ನು ತಂದ ಜಾಗದಲ್ಲಿಯೇ ಬಿಡಿಸಬೇಕು. ಅದೂ ಪಾಠದ ಒಂದು ಭಾಗವೇ.

ಇದೊಂದು ಮಕ್ಕಳಾಟವೆಂದು ಕೆಲವರಿಗೆ ತೋರಬಹುದು. ಆದರೆ ಎಳವೆಯಲ್ಲಿ ನೆಲೆಯನ್ನು ತಪ್ಪಾಗಿ ಕಲಿತರೆ ಅದರ ಫಲ ದೊಡ್ಡವರಾದ ಮೇಲೂ ಉಳಿಯುತ್ತದೆ. “ಪ್ರಾಣಿಗಳಿರುವುದು ಕಾಡಿನಲ್ಲಿ” ಎಂದು ನಂಬಿದವನಿಗೆ ಮರಗಳಿಲ್ಲದ ಬಯಲು ಬರಡಾಗಿ ಕಾಣುತ್ತದೆ. ನಮ್ಮ ನಾಡಿನ ಹುಲ್ಲುಗಾವಲುಗಳನ್ನು ಬಹುಕಾಲದಿಂದ ಪಾಳುಭೂಮಿಯೆಂದೇ ಎಣಿಸುತ್ತ ಬಂದಿದ್ದೇವೆ. ಆದರೆ ಕೃಷ್ಣಮೃಗಕ್ಕೆ ಬೇಕಾದುದು ಆ ಬಯಲೇ. ಅದರ ಮುಖ್ಯ ಆಹಾರ ಹುಲ್ಲು. ಅದರ ರಕ್ಷಣೆ ದೂರಕ್ಕೆ ಕಾಣುವ ಕಣ್ಣು ಮತ್ತು ತಡೆಯಿಲ್ಲದ ಓಟ. ದಟ್ಟವಾದ ಮರಗಳ ನಡುವೆ ಇವೆರಡಕ್ಕೂ ಎಡೆಯಿಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ೧೯೭೪ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವನ್ನು ಘೋಷಿಸಲಾಯಿತು. ಅದರ ವಿಸ್ತೀರ್ಣ ಸುಮಾರು ೧೧೯ ಚದರ ಕಿಲೋಮೀಟರುಗಳು. ಆದರೆ ಅದರ ಬಹುಭಾಗವನ್ನು ಆಕ್ರಮಿಸಿರುವುದು ನೆಟ್ಟು ಬೆಳೆಸಿದ ನೀಲಗಿರಿ ಮರಗಳು.

ಅದೇ ಬಯಲಿನಲ್ಲಿ ಹಿಂದೆ ಎರೆಭೂತವೆಂಬ ದೊಡ್ಡ ಹಕ್ಕಿಯೂ ಕಾಣುತ್ತಿತ್ತು. ಸುಮಾರು ಒಂದು ಮೀಟರು ಎತ್ತರದ ಈ ಹಕ್ಕಿ ಮರದ ಮೇಲೆ ಕೂರುವುದಿಲ್ಲ, ಗೂಡನ್ನೂ ಕಟ್ಟುವುದಿಲ್ಲ. ಹುಲ್ಲಿನ ನಡುವೆ ನಡೆದಾಡುತ್ತ ಮಿಡತೆ, ಜೀರುಂಡೆ, ಕಾಳುಗಳನ್ನು ತಿನ್ನುತ್ತದೆ. ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. “ಹಕ್ಕಿ ಮರದ ಮೇಲೆ” ಎಂದು ಕಲಿತ ಮಗುವಿನ ಪುಸ್ತಕದಲ್ಲಿ ಇದಕ್ಕೆ ಜಾಗವಿಲ್ಲ. ಬಯಲುಗಳು ಹೊಲಗಳಾಗಿ, ತೋಪುಗಳಾಗಿ ಮಾರ್ಪಟ್ಟಂತೆ ನೆಲದ ಮೇಲೂ ಜಾಗ ಕಿರಿದಾಯಿತು. ಬೇಟೆ, ವಿದ್ಯುತ್ ತಂತಿಗಳು ಇದರ ಅಳಿವಿಗೆ ಮತ್ತಷ್ಟು ಕಾರಣವಾದವು. ಇಂದು ನಿಸರ್ಗದಲ್ಲಿ ಉಳಿದಿರುವ ಎರೆಭೂತಗಳು ೧೫೦ಕ್ಕಿಂತಲೂ ಕಡಿಮೆಯೆಂದು ಅಂದಾಜು. ಅವುಗಳಲ್ಲಿ ಬಹುಪಾಲು ಇರುವುದು ರಾಜಸ್ಥಾನದ ಜೈಸಲ್ಮೇರಿನ ಸುತ್ತಮುತ್ತ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಭೂಮಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಕಂಡವುಗಳನ್ನು ಬೆರಳುಗಳಲ್ಲಿ ಎಣಿಸಬಹುದು.

ಮರ ನೆಡುವುದು ಒಳ್ಳೆಯ ಕೆಲಸವೆಂದು ಪ್ರತಿಯೊಂದು ಶಾಲೆಯಲ್ಲಿಯೂ ಕಲಿಸುತ್ತಾರೆ, ಕಲಿಸಲೂಬೇಕು. ಅದರೊಡನೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿದರೆ ಪಾಠ ಪೂರ್ಣವಾದೀತು: ಈ ನೆಲದಲ್ಲಿ ಈಗಾಗಲೇ ಯಾರು ಬಾಳುತ್ತಿದ್ದಾರೆ? ಅವರು ಏನನ್ನು ತಿನ್ನುತ್ತಾರೆ, ಎಲ್ಲಿ ನೀರು ಕುಡಿಯುತ್ತಾರೆ, ಹೇಗೆ ತಲೆಯುಳಿಸಿಕೊಳ್ಳುತ್ತಾರೆ, ಎಲ್ಲಿ ಮರಿಮಾಡುತ್ತಾರೆ? ಸೂರಿನ ಕೆಳಗಿನ ಹುಳುವಿನ ವಿಷಯದಲ್ಲಿ ಈ ಪ್ರಶ್ನೆಗಳನ್ನು ಕೇಳಿ ಅಭ್ಯಾಸವಾದ ಮಗು, ಮುಂದೊಂದು ದಿನ ಸಸಿಯನ್ನು ಹಿಡಿದು ಬಯಲಿನಲ್ಲಿ ನಿಂತಾಗ, ಗುಂಡಿ ತೋಡುವ ಮೊದಲು ಸುತ್ತಲೂ ಒಮ್ಮೆ ಕಣ್ಣು ಹಾಯಿಸಿ ನೋಡುತ್ತದೆ.