ಚಿಂತೆಗೂ ಮರೆವಿಗೂ ಏನು ನಂಟು?

ಬಾಳಸಂಗಾತಿಯನ್ನು ಕಳೆದುಕೊಂಡ ಹಿರಿಯರೊಬ್ಬರು ನಿಮ್ಮ ಮನೆಯಲ್ಲಿದ್ದಾರೆ ಎಂದುಕೊಳ್ಳಿ. ಆರು ತಿಂಗಳಲ್ಲೇ ಅವರಿಗೆ ಮರೆವು ಹೆಚ್ಚಾಗಿದೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. "ಚಿಂತೆ ಮಾಡಿ ಮಾಡಿ ಹೀಗಾದರು" ಎನ್ನುತ್ತಾರೆ ನೆರೆಹೊರೆಯವರು. ಈ ಮಾತಿನಲ್ಲಿ ಎಷ್ಟು ನಿಜವಿದೆ?

ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಪುಟ್ಟ ಗ್ರಂಥಿಗಳೇ ಅಡ್ರಿನಲ್ ಗ್ರಂಥಿಗಳು. ಭಯ, ದುಃಖ, ಆತಂಕ ಎದುರಾದಾಗ ಮಿದುಳಿನ ಹೈಪೊಥಲಾಮಸ್ ಭಾಗವು ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಪಿಟ್ಯುಟರಿಯು ಅಡ್ರಿನಲ್ ಗ್ರಂಥಿಗಳನ್ನು ಚುರುಕುಗೊಳಿಸುತ್ತದೆ. ಆಗ ಕಾರ್ಟಿಸೋಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಇದು ನಮ್ಮ ಶತ್ರುವಲ್ಲ. ರಕ್ತದಲ್ಲಿ ಸಕ್ಕರೆಯ ಅಂಶವನ್ನು ಏರಿಸಿ, ಕಷ್ಟವನ್ನು ಎದುರಿಸಲು ದೇಹವನ್ನು ಸಜ್ಜುಗೊಳಿಸುತ್ತದೆ. ಬೆಳಗ್ಗೆ ಹೆಚ್ಚು, ರಾತ್ರಿ ಕಡಿಮೆ ಇರುವುದು ಅದರ ಸಹಜ ಲಯ.

ತೊಂದರೆ ಇರುವುದು ಅದು ವರ್ಷಗಟ್ಟಲೆ ಇಳಿಯದೆ ಉಳಿದಾಗ. ಹೊಸ ನೆನಪುಗಳನ್ನು ಕಟ್ಟುವ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗದಲ್ಲಿ ಕಾರ್ಟಿಸೋಲನ್ನು ಹಿಡಿಯುವ ಗ್ರಾಹಕಗಳು ಹೇರಳವಾಗಿವೆ. ಕೆನಡಾದ ಸೋನಿಯಾ ಲೂಪಿಯೆನ್ ಮತ್ತು ಸಂಗಡಿಗರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವರ್ಷದಿಂದ ವರ್ಷಕ್ಕೆ ಕಾರ್ಟಿಸೋಲ್ ಏರುತ್ತಲೇ ಹೋಗಿ ಹೆಚ್ಚಾಗಿಯೇ ಉಳಿದಿದ್ದ ವೃದ್ಧರ ಹಿಪ್ಪೊಕ್ಯಾಂಪಸ್, ಇತರರದ್ದಕ್ಕಿಂತ ಶೇಕಡಾ 14ರಷ್ಟು ಚಿಕ್ಕದಾಗಿತ್ತು. ನೆನಪಿನ ಪರೀಕ್ಷೆಯಲ್ಲೂ ಅವರು ಹಿಂದುಳಿದಿದ್ದರು. ಆದರೆ ಪರೀಕ್ಷೆಗೆ ಒಳಗಾದವರು ಕೆಲವೇ ಮಂದಿ.

ಇಲ್ಲೊಂದು ತೊಡಕಿದೆ. ಕಾರ್ಟಿಸೋಲ್ ಅತಿಯಾಗದಂತೆ ಕಡಿವಾಣ ಹಾಕುವುದರಲ್ಲಿ ಹಿಪ್ಪೊಕ್ಯಾಂಪಸ್ಸಿನ ಪಾತ್ರವೂ ಇದೆ. ಅದೇ ಸವೆದರೆ ಕಡಿವಾಣ ಸಡಿಲವಾಗುತ್ತದೆ. ಅಂದರೆ ಬೀಜ ಮೊದಲೋ, ವೃಕ್ಷ ಮೊದಲೋ ಎಂಬಂಥ ಪ್ರಶ್ನೆ ಇದು. ಆದ್ದರಿಂದ ಚಿಂತೆಯೇ ಡಿಮೆನ್ಷಿಯಾ ತರುತ್ತದೆ ಎಂದು ಹೇಳಲು ಬಾರದು. ಯಾರೂ "ನಮ್ಮಿಂದಲೇ ಹೀಗಾಯಿತು" ಎಂದು ಕೊರಗಬೇಕಾಗಿಲ್ಲ.

ಹಾಗೆಂದು ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. 2024ರಲ್ಲಿ ಲ್ಯಾನ್ಸೆಟ್ ಆಯೋಗವು ಡಿಮೆನ್ಷಿಯಾಕ್ಕೆ ದಾರಿ ಮಾಡಿಕೊಡಬಲ್ಲ, ಆದರೆ ನಾವು ಬದಲಿಸಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿತು. ಖಿನ್ನತೆ, ಒಂಟಿತನದ ಬದುಕು, ರಕ್ತದೊತ್ತಡ, ಮಧುಮೇಹ, ಕಿವುಡುತನ, ವ್ಯಾಯಾಮವಿಲ್ಲದಿರುವುದು ಇವೆಲ್ಲ ಅದರಲ್ಲಿವೆ.

ಆದ್ದರಿಂದ, "ವಯಸ್ಸಾಯಿತು, ಮರೆವು ಸಹಜ" ಎಂದು ಸುಮ್ಮನಾಗದಿರಿ. ಖಿನ್ನತೆ, ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆಯಿಂದಲೂ ಮರೆವು ಬರಬಹುದು; ಇವಕ್ಕೆ ಚಿಕಿತ್ಸೆ ಉಂಟು. ಮೊದಲು ವೈದ್ಯರಿಗೆ ತೋರಿಸಿ. ಜೊತೆಗೆ ಸಂಜೆ ಹಿರಿಯರೊಡನೆ ನಾಲ್ಕು ಹೆಜ್ಜೆ ನಡೆಯಿರಿ, ಅವರ ಮಾತಿಗೆ ಕಿವಿಗೊಡಿ. ಹಗಲಿರುಳು ಅವರನ್ನು ನೋಡಿಕೊಳ್ಳುವ ಮಗಳಿಗೋ ಸೊಸೆಗೋ ವಾರಕ್ಕೊಂದು ದಿನವಾದರೂ ಬಿಡುವು ಕೊಡಿ. ಅವರ ದೇಹದಲ್ಲೂ ಇದೇ ಕಾರ್ಟಿಸೋಲ್ ಇದೆಯಲ್ಲವೇ?