ಫೈಬರ್ ದೋಣಿಯ ಹೊಳಪು: ಉಜ್ಜೋದು ಕಮ್ಮಿ, ಉಳಿಸೋದು ಜಾಸ್ತಿ

ಹೋದ ವಿಡಿಯೋದಲ್ಲಿ ನಮ್ಮ ನೀಲಿ ದೋಣಿ ನೋಡಿ ತುಂಬಾ ಜನ ಕೇಳಿದ್ರಿ, "ಪುಣೆಯಲ್ಲಿ ದೋಣಿನಾ?" ಅಂತ. ಹೌದು. ಎನ್‌ಡಿಎ ಕೆಡೆಟ್‌ಗಳು ಹಾಯಿದೋಣಿ ಕಲಿಯೋದು ಖಡಕ್‌ವಾಸ್ಲಾ ಜಲಾಶಯದ ಪೀಕಾಕ್ ಬೇಯಲ್ಲಿ. ನಾವು ನಾಲ್ಕು ಜನ ಹಿಂಜವಡಿಯವರು ಸೇರಿ ಒಂದು ಹಳೇ ಫೈಬರ್ ಹಾಯಿದೋಣಿ ಕೊಂಡ್ವಿ. ತಂದಾಗ ಅದರ ನೀಲಿ ಬಣ್ಣ ಸುಣ್ಣ ಹೊಡೆದ ಹಾಗೆ ಬೆಳ್ಳಗಾಗಿತ್ತು. ನಾನು ಮಾಡಿದ ತಪ್ಪು ನೀವು ಮಾಡಬಾರದು ಅಂತ ಇವತ್ತಿನ ಮಾತು.

ಹೊಳಪು ಇರೋದು ಎಲ್ಲಿ?

ಫೈಬರ್ ದೋಣಿಗೆ ಸಾಮಾನ್ಯವಾಗಿ ಮೇಲಿಂದ ಪೇಂಟ್ ಹೊಡೆದಿರೋದಿಲ್ಲ. ಅಚ್ಚಿಗೆ ಮೊದಲು ಬಣ್ಣ ಬೆರೆಸಿದ ರಾಳದ ಪದರ ಹಚ್ಚಿ, ಆಮೇಲೆ ಗಾಜಿನ ನಾರು ಕೂರಿಸುತ್ತಾರೆ. ಆ ಹೊರಪದರವೇ ಜೆಲ್‌ಕೋಟ್. ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಂದ್ರೆ ಐದು ಪ್ರಿಂಟರ್ ಹಾಳೆ ಒಂದರ ಮೇಲೊಂದು ಇಟ್ಟಷ್ಟು. ಬಿಸಿಲಿನ ಅತಿನೇರಳೆ ಕಿರಣಗಳಿಗೆ ಅದರ ಮೇಲ್ಮೈ ಒಡೆದು ಪುಡಿಯಾಗುತ್ತೆ. ಬೆರಳಲ್ಲಿ ಒರೆಸಿದರೆ ಸೀಮೆಸುಣ್ಣದಂಥ ಪುಡಿ ಅಂಟುತ್ತಲ್ಲ, ಅದೇ ಇದು.

ಒಂದು ಸುಲಭ ಪರೀಕ್ಷೆ: ನೀರು ಚಿಮುಕಿಸಿ. ಒದ್ದೆಯಾದಾಗ ಹಳೇ ಬಣ್ಣ ಕಂಡರೆ ಕೆಳಗೆ ಜೆಲ್‌ಕೋಟ್ ಇನ್ನೂ ಇದೆ ಅನ್ನಬಹುದು. ಆದರೆ ಆ ಪುಡಿ ಮೇಲೇ ವ್ಯಾಕ್ಸ್ ಹಚ್ಚಬೇಡಿ. ಅದೂ ಒದ್ದೆ ಮಾಡಿದ ಹಾಗೆಯೇ, ಕೆಲವು ವಾರ ಮಿಂಚಿ ಮತ್ತೆ ಮಂಕಾಗುತ್ತೆ.

ಉಜ್ಜುವ ಕ್ರಮ

ಮೊದಲು ಮೃದು ಸೋಪಿನಲ್ಲಿ ತೊಳೆದು ಒಣಗಿಸಿ. ನೆರಳಲ್ಲೇ ಕೆಲಸ ಮಾಡಿ. ಮೂಲೆಯಲ್ಲಿ ಒಂದಡಿ ಜಾಗದಲ್ಲಿ ಬರೀ ಪಾಲಿಶ್ ಹಾಕಿ ನೋಡಿ. ಸಾಲದಿದ್ದರೆ ಮಾತ್ರ ರಬ್ಬಿಂಗ್ ಕಾಂಪೌಂಡ್. ಅದೂ ಸಾಲದಿದ್ದರೆ 1000, 1500, 2000 ನಂಬರಿನ ವಾಟರ್ ಪೇಪರ್ ನೀರು ಹಾಕುತ್ತಾ ಉಜ್ಜಿ, ಮತ್ತೆ ಕಾಂಪೌಂಡ್, ಕೊನೆಗೆ ಪಾಲಿಶ್. ಪ್ರತಿ ಮೆಟ್ಟಿಲೂ ಆ ಅರ್ಧ ಮಿಲಿಮೀಟರ್‌ನಿಂದ ಒಂದಿಷ್ಟು ಕಳೆಯುತ್ತೆ, ನೆನಪಿರಲಿ.

ನಾನು ಮಾಡಿದ್ದೇನು? ಶನಿವಾರ ಒಂದೇ ದಿನಕ್ಕೆ ಮುಗಿಸೋಣ ಅಂತ ಮೆಷಿನ್ ಸ್ಪೀಡ್ ಏರಿಸಿ, ಮೂತಿಯ ಅಂಚಿನಲ್ಲಿ ಒತ್ತಿ ಹಿಡಿದೆ. ಅಂಚಿನಲ್ಲಿ ಪದರ ಬೇಗ ಸವೆಯುತ್ತೆ. ನೀಲಿ ಹೋಗಿ ಒಳಗಿನ ನಾರಿನ ಗೆರೆ ಕಾಣಿಸಿತು! ಅಲ್ಲಿ ಹೊಸ ಜೆಲ್‌ಕೋಟ್ ಹಾಕದೆ ಬೇರೆ ದಾರಿ ಇರಲಿಲ್ಲ. ಅದರ ಬಣ್ಣ ಇವತ್ತಿಗೂ ಪೂರ್ತಿ ಕೂಡಿಲ್ಲ. ಅದಕ್ಕೇ ಹೇಳೋದು: ಸ್ಪೀಡ್ ಕಮ್ಮಿ, ಪ್ಯಾಡ್ ಒಂದೇ ಕಡೆ ನಿಲ್ಲಬಾರದು, ಅಂಚುಗಳನ್ನ ಕೈಯಲ್ಲೇ ಮಾಡಿ. ಮಾಸ್ಕ್, ಕನ್ನಡಕ ಬೇಕೇ ಬೇಕು.

ಉಳಿಸಿಕೊಳ್ಳುವುದು

ಹೊಳಪು ಬಂದ ಮೇಲೆ ವ್ಯಾಕ್ಸ್ ಅಥವಾ ಪಾಲಿಮರ್ ಸೀಲೆಂಟ್ ಎರಡು ಕೋಟ್. ನಾವು ವರ್ಷಕ್ಕೆ ಎರಡು ಸಲ ಹಚ್ಚುತ್ತೇವೆ: ಮಾರ್ಚ್ ಬಿಸಿಲಿಗೆ ಮುಂಚೆ, ಮಳೆಗಾಲ ಮುಗಿದ ಮೇಲೆ. ಸಿಲಿಕೋನ್ ಇರುವ ಕಾರ್ ಪಾಲಿಶ್ ಬೇಡ. ಮುಂದೆ ರಿಪೇರಿಗೆ ಜೆಲ್‌ಕೋಟ್, ಪೇಂಟ್ ಸರಿಯಾಗಿ ಕೂರಲ್ಲ. ಎಲ್ಲಕ್ಕಿಂತ ಅಗ್ಗದ ಔಷಧಿ ಹೊದಿಕೆ. ಗಾಳಿ ಆಡುವ ಹಾಗೆ ಕಟ್ಟಿ, ಪ್ಲಾಸ್ಟಿಕ್ ಮೈಗೆ ಅಂಟಿ ಕೂತರೆ ತೇವ ಒಳಗೇ ಉಳಿಯುತ್ತೆ. ಮಲ್ಪೆ, ಕಾರವಾರದ ಕಡೆ ಮನೆಯಲ್ಲಿ ಫೈಬರ್ ದೋಣಿ ಇರುವವರಿಗೆ ಇನ್ನೊಂದು ಮಾತು: ಸಮುದ್ರದಿಂದ ಬಂದ ತಕ್ಷಣ ಸಿಹಿನೀರಲ್ಲಿ ತೊಳೆದು ಉಪ್ಪು ಬಿಡಿಸಿ.

ಕೊನೇ ಮಾತು. ಖಡಕ್‌ವಾಸ್ಲಾದ್ದು ಪುಣೆ ಕುಡಿಯುವ ನೀರು. ನಾವು ದೋಣಿಯನ್ನ ದಡದಿಂದ ದೂರ ಎಳೆದು, ಕೆಳಗೆ ಶೀಟ್ ಹಾಸಿ ಉಜ್ಜುತ್ತೇವೆ. ಕಾಂಪೌಂಡ್ ಮೆತ್ತಿದ ಬಟ್ಟೆ, ಕೊಳೆನೀರು ಎಲ್ಲಾ ವಾಪಸ್ ತರುತ್ತೇವೆ. ದೋಣಿ ಮಿಂಚಲಿ, ಆದರೆ ಅದರ ಕೊಳೆ ಪುಣೆಯ ನಲ್ಲಿಗೆ ಬರೋದು ಬೇಡ.

ಮುಂದಿನ ವಾರ ಹಾಯಿ ಹೊಲಿಯೋದು ನೋಡೋಣ.